ರೋಗಿಯ ದೂರಿಗೆ ಕಿವಿಗೊಟ್ಟ ಬಾರಾನಿ

ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ಎಂದು ಇಂದ್ರಿಯಗಳ ಲೆಕ್ಕವನ್ನು ನಾವು ಐದಕ್ಕೆ ನಿಲ್ಲಿಸಿಬಿಡುತ್ತೇವೆ. ಈ ಪಟ್ಟಿಯಲ್ಲಿ ಹೆಸರಿಲ್ಲದ ಇನ್ನೊಂದು ಇಂದ್ರಿಯ ದಿನವಿಡೀ ನಮ್ಮನ್ನು ನೆಟ್ಟಗೆ ನಿಲ್ಲಿಸಿರುತ್ತದೆ. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ, ಓಡುವ ಬಸ್ಸಿನಲ್ಲಿ ನಿಂತು ಹೊರಗಿನ ನಾಮಫಲಕ ಓದುವಾಗ ನಮ್ಮನ್ನು ಕಾಯುವುದು ಅದೇ. ಸರಿಯಾಗಿ ಕೆಲಸ ಮಾಡುವಷ್ಟು ಕಾಲ ಅದು ಇದೆಯೆಂಬ ಅರಿವೇ ನಮಗಿರುವುದಿಲ್ಲ. ಒಂದು ಮುಂಜಾನೆ ಹಾಸಿಗೆಯಲ್ಲಿ ಮಗ್ಗುಲಾದೊಡನೆ ಕೋಣೆಯೇ ಗಿರ್ರನೆ ತಿರುಗಿದಾಗ ಮಾತ್ರ ಗಾಬರಿಯಾಗುತ್ತದೆ. ಆಗಲೂ ಪಿತ್ತ ಕೆರಳಿದೆ ಎನ್ನುತ್ತೇವೆ, ರಕ್ತದೊತ್ತಡ ನೋಡಿಸುತ್ತೇವೆ, ನಿಶ್ಶಕ್ತಿಯೆಂದು ಟಾನಿಕ್ ತರಿಸುತ್ತೇವೆ. ಕಿವಿಯ ಮೇಲೆ ಅನುಮಾನ ಹೋಗುವುದು ಕೊನೆಗೆ.

ಆ ಅನುಮಾನವನ್ನು ಖಚಿತವಾದ ಪರೀಕ್ಷೆಯನ್ನಾಗಿ ಮಾಡಿದವರು ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ. ಕಿವಿಯ ಅಧ್ಯಯನಕ್ಕಾಗಿ ನೊಬೆಲ್ ಬಹುಮಾನ ಪಡೆದ ಮೊದಲಿಗರು ಅವರು. ಬಹುಮಾನದ ಸುದ್ದಿ ಬಂದಾಗ ಯುದ್ಧಕೈದಿಯಾಗಿ ಮಧ್ಯ ಏಷ್ಯಾದ ಶಿಬಿರವೊಂದರಲ್ಲಿದ್ದರು. ಬಿಡುಗಡೆಯಾಗಿ ಹುಟ್ಟೂರಿಗೆ ಮರಳಿದಾಗ ಅಲ್ಲಿ ಅವರಿಗಾಗಿ ಕಾದಿದ್ದುದು ಸನ್ಮಾನವಲ್ಲ, ಆರೋಪ. ಹೊಸತೊಂದನ್ನು ಕಂಡವರು ಯಾರು, ಅದರ ಹಿರಿಮೆ ಎಷ್ಟು ಜನರಿಗೆ ಸಲ್ಲಬೇಕು ಎಂಬ ಪ್ರಶ್ನೆಯನ್ನು ಅವರ ಬದುಕು ಇಂದಿಗೂ ನಮ್ಮ ಮುಂದಿಡುತ್ತದೆ.

ಬಾರಾನಿಯವರ ಸಾಧನೆ ಅರ್ಥವಾಗಬೇಕಾದರೆ ಕಿವಿಯ ರಚನೆಯನ್ನು ಸ್ವಲ್ಪ ತಿಳಿಯಬೇಕು. ನಾವು ಕಿವಿಯೆಂದು ಕರೆಯುವ ಹಾಲೆ ಹೊರಬಾಗಿಲು ಮಾತ್ರ. ಅಲ್ಲಿಂದ ಒಳಹೋಗುವ ಕಾಲುವೆ ಕಿವಿತಮಟೆಯಲ್ಲಿ ಕೊನೆಗೊಳ್ಳುತ್ತದೆ. ತಮಟೆಯ ಆಚೆ ಇರುವ ನಡುಕಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಸರಪಣಿಯಂತೆ ಜೋಡಿಸಿಕೊಂಡು, ಗಾಳಿಯ ಕಂಪನವನ್ನು ಒಳಕಿವಿಯ ದ್ರವಕ್ಕೆ ದಾಟಿಸುತ್ತವೆ. ತಲೆಬುರುಡೆಯ ಗಟ್ಟಿ ಮೂಳೆಯೊಳಗೆ ಕೊರೆದಂತಿರುವ ಒಳಕಿವಿಯಲ್ಲಿ ಎರಡು ವಿಭಾಗಗಳಿವೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಭಾಗ ಕೇಳುವುದಕ್ಕೆ. ಅದಕ್ಕೆ ಅಂಟಿಕೊಂಡೇ ಇರುವ ಮೂರು ಅರ್ಧವೃತ್ತ ನಾಳಗಳು ಮತ್ತು ಎರಡು ಪುಟ್ಟ ಚೀಲಗಳು ಸಮತೋಲನಕ್ಕೆ.

ಮೂರು ನಾಳಗಳು ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿವೆ. ಕೋಣೆಯ ಮೂಲೆಯಲ್ಲಿ ನೆಲವೂ ಎರಡು ಗೋಡೆಗಳೂ ಸೇರುವ ಹಾಗೆ. ಆದ್ದರಿಂದ ತಲೆ ಯಾವ ದಿಕ್ಕಿಗೆ ತಿರುಗಿದರೂ ಯಾವುದಾದರೊಂದು ನಾಳದ ದ್ರವ ಹಿಂದುಳಿದು, ಅಲ್ಲಿನ ಸೂಕ್ಷ್ಮ ರೋಮಗಳನ್ನು ಬಾಗಿಸುತ್ತದೆ. ಆ ಬಾಗುವಿಕೆ ನರದ ಸಂಕೇತವಾಗಿ ಮೆದುಳನ್ನು ತಲುಪುತ್ತದೆ. ಎರಡು ಚೀಲಗಳಲ್ಲಿ ಸುಣ್ಣದ ಅತಿ ಸಣ್ಣ ಹರಳುಗಳಿದ್ದು, ತಲೆ ಓರೆಯಾದುದನ್ನೂ ದೇಹ ನೇರ ರೇಖೆಯಲ್ಲಿ ವೇಗ ಪಡೆದುದನ್ನೂ ಅವು ತಿಳಿಸುತ್ತವೆ. ನಾಳಗಳಿಂದ ಹೊರಟ ಸಂಕೇತ ಕಣ್ಣಿನ ಸ್ನಾಯುಗಳಿಗೂ ಹೋಗುತ್ತದೆ. ತಲೆ ಬಲಕ್ಕೆ ತಿರುಗಿದರೆ ಕಣ್ಣು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ಸರಿಯುತ್ತದೆ. ನಡೆಯುವಾಗ ಎದುರಿನ ದೃಶ್ಯ ಅಲುಗಾಡದೆ ನಿಂತಂತೆ ಕಾಣುವುದು ಇದರಿಂದಲೇ.

ಇದೆಲ್ಲವನ್ನೂ ಒಬ್ಬರೇ ಕಂಡುಹಿಡಿದದ್ದಲ್ಲ. 1820ರ ದಶಕದಲ್ಲಿ ಫ್ರಾನ್ಸಿನ ಪಿಯೇರ್ ಫ್ಲೂರೆನ್ಸ್ ಪಾರಿವಾಳಗಳ ಅರ್ಧವೃತ್ತ ನಾಳಗಳನ್ನು ಕತ್ತರಿಸಿ ನೋಡಿದರು. ಹಕ್ಕಿಗಳಿಗೆ ಕಿವಿ ಕೇಳುತ್ತಿತ್ತು. ಆದರೆ ನೆಟ್ಟಗೆ ನಿಲ್ಲಲಾರದೆ ತಲೆಯನ್ನು ವಿಚಿತ್ರವಾಗಿ ಆಡಿಸುತ್ತಿದ್ದವು. 1861ರಲ್ಲಿ ಪ್ಯಾರಿಸ್ಸಿನ ಪ್ರಾಸ್ಪರ್ ಮೆನಿಯೇರ್, ಮಿದುಳಿನ ಕಾಯಿಲೆಯೆಂದು ಎಲ್ಲರೂ ನಂಬಿದ್ದ ತಲೆಸುತ್ತು ಒಳಕಿವಿಯಿಂದಲೂ ಬರಬಹುದೆಂದು ವಾದಿಸಿದರು. 1870ರ ದಶಕದಲ್ಲಿ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್, ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್, ಎಡಿನ್‌ಬರೋದ ರಸಾಯನ ವಿಜ್ಞಾನಿ ಅಲೆಕ್ಸಾಂಡರ್ ಕ್ರಮ್ ಬ್ರೌನ್ ಈ ಮೂವರೂ ಬೇರೆ ಬೇರೆಯಾಗಿ ದುಡಿದು ಬಹುಮಟ್ಟಿಗೆ ಒಂದೇ ತೀರ್ಮಾನಕ್ಕೆ ಬಂದರು: ತಲೆಯ ತಿರುಗುವಿಕೆಯನ್ನು ಅಳೆಯುವುದು ಆ ನಾಳಗಳೊಳಗಿನ ದ್ರವ. ಮುಂದೆ ಫ್ರಾಯ್ಡ್ ಜತೆ ಮನೋರೋಗಗಳ ಬಗ್ಗೆ ಪುಸ್ತಕ ಬರೆದ ಬ್ರಾಯರ್ ಇವರೇ.

ಹೀಗೆ ಸಿದ್ಧಾಂತ ಸಿದ್ಧವಾಗಿತ್ತು. ಆದರೆ ಎದುರಿಗೆ ಕುಳಿತ ರೋಗಿಯ ಬಲಗಿವಿಯ ನಾಳ ಸತ್ತಿದೆಯೋ ಎಡಗಿವಿಯದೋ ಎಂದು ಹೇಳುವ ಸುಲಭ ಉಪಾಯ ವೈದ್ಯರ ಕೈಯಲ್ಲಿರಲಿಲ್ಲ. ಪಾರಿವಾಳದ ಕಿವಿಯನ್ನು ಕತ್ತರಿಸಬಹುದು, ಮನುಷ್ಯನದನ್ನು ಕತ್ತರಿಸಿ ನೋಡಲಾಗದು.

ಬಾರಾನಿ ಹುಟ್ಟಿದ್ದು 1876ರ ಏಪ್ರಿಲ್ 22ರಂದು, ವಿಯೆನ್ನಾದಲ್ಲಿ. ಹಂಗೇರಿ ಮೂಲದ ಯಹೂದಿ ಕುಟುಂಬ. ತಂದೆ ಜಮೀನುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ತಾಯಿ ಪ್ರಾಗ್ ನಗರದ ವಿದ್ವಾಂಸರೊಬ್ಬರ ಮಗಳು. ಆರು ಮಕ್ಕಳಲ್ಲಿ ಹಿರಿಯವರಾದ ರಾಬರ್ಟ್‌ಗೆ ಬಾಲ್ಯದಲ್ಲೇ ಮೂಳೆಯ ಕ್ಷಯ ತಗುಲಿತು. ಜೀವ ಉಳಿಯಿತು, ಒಂದು ಮೊಣಕಾಲು ಮಾತ್ರ ಶಾಶ್ವತವಾಗಿ ಬಿಗಿದುಕೊಂಡಿತು. ಆ ಕಾಲಿನಲ್ಲೇ ಅವರು ಟೆನಿಸ್ ಆಡಿದರು, ಬೆಟ್ಟ ಹತ್ತಿದರು. ವೈದ್ಯವಿದ್ಯೆಯತ್ತ ಮನಸ್ಸು ಹರಿಯಲು ಈ ಕಾಯಿಲೆಯೇ ಕಾರಣವಿರಬೇಕೆಂದು ಅವರ ಜೀವನ ಬರೆದವರು ಹೇಳುತ್ತಾರೆ.

1900ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದ ಬಾರಾನಿ, ಕೆಲವು ಕಾಲ ಜರ್ಮನಿಯಲ್ಲಿ ಆಂತರಿಕ ವೈದ್ಯಕೀಯವನ್ನೂ ನರ ಹಾಗೂ ಮನೋರೋಗಗಳನ್ನೂ ಕಲಿತರು. ಮರಳಿ ಬಂದು ಶಸ್ತ್ರಚಿಕಿತ್ಸೆಯಲ್ಲಿ ಕೈ ಪಳಗಿಸಿಕೊಂಡರು. 1903ರಲ್ಲಿ ಆಡಂ ಪೊಲಿಟ್ಸರ್ ಅವರ ಕಿವಿ ಚಿಕಿತ್ಸಾಲಯ ಸೇರಿದರು. 1873ರಲ್ಲಿ ಆರಂಭವಾದ ಆ ಚಿಕಿತ್ಸಾಲಯ ಕಿವಿವೈದ್ಯರ ಪಾಲಿಗೆ ಗುರುಕುಲದಂತಿತ್ತು. ಪ್ರತಿಜೀವಕಗಳು ಇಲ್ಲದ ಕಾಲ ಅದು. ಕಿವಿ ಸೋರುವ ರೋಗಿಗಳು ಸಾಲುಗಟ್ಟಿ ಬರುತ್ತಿದ್ದರು. ಅವರ ಕಿವಿಯನ್ನು ಪಿಚಕಾರಿಯಿಂದ ನೀರು ಹಾಯಿಸಿ ತೊಳೆಯುವುದು ಕಿರಿಯ ವೈದ್ಯರಿಗೆ ಒಪ್ಪಿಸಿದ ನಿತ್ಯದ ಕೆಲಸ.

ಹಾಗೆ ತೊಳೆಯುವಾಗ ಕೆಲವರು ತಲೆ ತಿರುಗುತ್ತಿದೆ ಎನ್ನುತ್ತಿದ್ದರು. ಬಾರಾನಿ ಅವರ ಕಣ್ಣುಗಳನ್ನು ನೋಡಿದರು. ಕಣ್ಣುಗುಡ್ಡೆ ಒಂದು ಕಡೆಗೆ ನಿಧಾನವಾಗಿ ಸರಿದು, ಥಟ್ಟನೆ ಹಿಂದಕ್ಕೆ ಜಿಗಿಯುತ್ತಿತ್ತು. ಮತ್ತೆ ಸರಿಯುತ್ತಿತ್ತು, ಮತ್ತೆ ಜಿಗಿಯುತ್ತಿತ್ತು. ವೈದ್ಯರು ನಿಸ್ಟಾಗ್ಮಸ್ ಎಂದು ಕರೆಯುವ ಚಲನೆ ಇದು. ಕಿವಿಗೆ ತಣ್ಣೀರು ಬಿದ್ದರೆ ತಲೆ ಸುತ್ತುತ್ತದೆಂಬುದನ್ನು ಹಿಂದಿನವರೂ ಬರೆದಿದ್ದರು. ಹೊಸದಾಗಿ ಸಂಭವಿಸಿದ್ದು ಒಬ್ಬ ರೋಗಿಯ ದೂರು. ನೀರು ಸಾಕಷ್ಟು ಬೆಚ್ಚಗಿಲ್ಲದಿದ್ದಾಗ ಮಾತ್ರ ತನಗೆ ಹೀಗಾಗುತ್ತದೆ, ಹದವಾಗಿದ್ದರೆ ಏನೂ ಆಗುವುದಿಲ್ಲ ಎಂದು ಆತ ಹೇಳಿದ. ಬಾರಾನಿ ದಾದಿಗೆ ಹೇಳಿ ಬಿಸಿನೀರು ತರಿಸಿದರು. ಈ ಬಾರಿ ನೀರು ಹೆಚ್ಚೇ ಬಿಸಿಯಾಗಿತ್ತು, ರೋಗಿ ಮತ್ತೆ ಗೊಣಗಿದ. ಕಣ್ಣನ್ನು ನೋಡಿದರೆ ಅದೇ ಚಲನೆ. ಆದರೆ ದಿಕ್ಕು ತಿರುಗುಮುರುಗಾಗಿತ್ತು.

ದಿನಕ್ಕೆ ಹತ್ತಾರು ಕಿವಿಗಳನ್ನು ತೊಳೆಯುವ ಗಡಿಬಿಡಿಯಲ್ಲಿ ಇಂಥ ಗೊಣಗಾಟವನ್ನು ಕೇಳಿಸಿಕೊಳ್ಳದೆ ಬಿಡುವುದು ಸುಲಭ. ಬಾರಾನಿ ಅದನ್ನು ಸಾಕ್ಷ್ಯವೆಂದು ಪರಿಗಣಿಸಿದರು. ನೀರಿನ ಒತ್ತಡ ಕಾರಣವಾಗಿದ್ದರೆ ಬಿಸಿಗೂ ತಂಪಿಗೂ ಭೇದವಿರಬಾರದಿತ್ತು. ಭೇದವಿದೆಯೆಂದರೆ ಕಾರಣ ಉಷ್ಣತೆಯೇ ಆಗಿರಬೇಕು. ಸ್ನಾನದ ನೀರು ಕಾಯಿಸುವ ಹಂಡೆ ಆಗ ಅವರ ನೆನಪಿಗೆ ಬಂತು. ಬೆಂಕಿ ಕೆಳಗಿದ್ದರೂ ಮೊದಲು ಬಿಸಿಯಾಗಿ ಕಾಣುವುದು ಮೇಲಿನ ನೀರು. ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣಗಿನದು ಕೆಳಗಿಳಿಯುತ್ತದೆ. ಒಳಕಿವಿಯಲ್ಲಿ ನಡೆಯುವುದೂ ಇದೇ ಎಂದು ಅವರು ತರ್ಕಿಸಿದರು. ಹೊರಕಿವಿಯ ಕಾಲುವೆಗೆ ಹತ್ತಿರವಿರುವ ಅಡ್ಡನಾಳದ ತುದಿ ತಣ್ಣಗಾದರೆ ಅಲ್ಲಿನ ದ್ರವ ಕೆಳಗಿಳಿಯುತ್ತದೆ, ಬಿಸಿಯಾದರೆ ಮೇಲೇರುತ್ತದೆ. ತಲೆ ಅಲುಗದಿದ್ದರೂ ನಾಳದ ದ್ರವ ಹರಿಯುವುದರಿಂದ, ತಲೆ ತಿರುಗುತ್ತಿದೆಯೆಂದು ಮೆದುಳು ಮೋಸಹೋಗುತ್ತದೆ. ಕಣ್ಣು ಆ ಸುಳ್ಳು ಸಂಕೇತದ ಹಿಂದೆ ಓಡುತ್ತದೆ. ತಲೆಯ ಭಂಗಿ ಬದಲಿಸಿ ನಾಳವನ್ನು ಮೇಲುಕೆಳಗು ಮಾಡಿದರೆ ಕಣ್ಣಿನ ಚಲನೆಯೂ ದಿಕ್ಕು ಬದಲಿಸಬೇಕೆಂದು ಅವರು ಊಹಿಸಿದರು. ಪರೀಕ್ಷಿಸಿದಾಗ ಹಾಗೆಯೇ ಆಯಿತು.

1906ರಲ್ಲಿ ಅವರು ಪ್ರಕಟಿಸಿದ ಈ ಉಷ್ಣ ಪರೀಕ್ಷೆಗೆ ಬೇಕಾದುದು ಸ್ವಲ್ಪ ನೀರು ಮತ್ತು ರೋಗಿಯ ಕಣ್ಣನ್ನು ತಾಳ್ಮೆಯಿಂದ ನೋಡುವ ವೈದ್ಯ. ಒಂದೊಂದು ಕಿವಿಯನ್ನೂ ಬೇರೆಯಾಗಿ ಪರೀಕ್ಷಿಸಲು ಬಂದದ್ದೇ ಇದರ ದೊಡ್ಡ ಗುಣ. ನೀರು ಹಾಯಿಸಿದರೂ ಕಣ್ಣು ಕದಲದಿದ್ದರೆ ಆ ಬದಿಯ ಸಮತೋಲನಾಂಗ ಕೆಟ್ಟಿದೆ ಎಂದರ್ಥ. ನಡುಕಿವಿಯ ಕೀವು ಒಳಕಿವಿಗೆ ಹಬ್ಬಿದೆಯೇ, ಮಿದುಳಿನ ಪೊರೆಗಳವರೆಗೆ ಹೋಗುವ ಅಪಾಯವಿದೆಯೇ ಎಂಬುದು ಅಂದಿನ ಶಸ್ತ್ರವೈದ್ಯರಿಗೆ ಸಾವುಬದುಕಿನ ಪ್ರಶ್ನೆಯಾಗಿತ್ತು. ತಮಗೆ ಎಲ್ಲಿ ಕತ್ತಿ ಇಡಬೇಕು, ಎಲ್ಲಿ ಇಡಬಾರದು ಎಂದು ನಿರ್ಧರಿಸಲು ಅವರಿಗೆ ಒಂದು ಆಧಾರ ಸಿಕ್ಕಿತು.

ಬಾರಾನಿ ಅಲ್ಲಿಗೆ ನಿಲ್ಲಲಿಲ್ಲ. ರೋಗಿಯನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ, ಸುಮಾರು ಇಪ್ಪತ್ತು ಸೆಕೆಂಡುಗಳಲ್ಲಿ ಹತ್ತು ಸುತ್ತು ತಿರುಗಿಸಿ, ಥಟ್ಟನೆ ನಿಲ್ಲಿಸಿ ಕಣ್ಣಿನ ಚಲನೆ ಎಷ್ಟು ಹೊತ್ತು ಉಳಿಯುತ್ತದೆಂದು ಎಣಿಸುವ ಕ್ರಮವನ್ನು ರೂಪಿಸಿದರು. ಅವರ ಹೆಸರು ಹೊತ್ತ ಆ ಕುರ್ಚಿಯಲ್ಲಿ ಇಂದಿಗೂ ವಿಮಾನ ಚಾಲಕರ ತರಬೇತಿ ನಡೆಯುತ್ತದೆ. ಕಣ್ಣು ಮುಚ್ಚಿದ ರೋಗಿ ತೋರುಬೆರಳನ್ನು ಗುರಿಗೆ ಮುಟ್ಟಿಸಬಲ್ಲನೇ ಎಂದು ನೋಡುವ ಸರಳ ಪರೀಕ್ಷೆಯಿಂದ ಒಳಕಿವಿ ಮತ್ತು ಕಿರುಮೆದುಳಿನ ದೋಷಗಳನ್ನು ಪತ್ತೆಹಚ್ಚುವ ದಾರಿ ತೆರೆದರು. ಶ್ರವಣದ ಕಡೆಗೂ ಅವರ ಗಮನವಿತ್ತು. ಒಂದು ಕಿವಿಯ ಕಿವುಡನ್ನು ಪರೀಕ್ಷಿಸುವಾಗ ಇನ್ನೊಂದು ಕಿವಿ ಗುಟ್ಟಾಗಿ ಕೇಳಿಸಿಕೊಂಡು ವೈದ್ಯರನ್ನು ದಾರಿ ತಪ್ಪಿಸುತ್ತದೆ. ಅದನ್ನು ತಡೆಯಲು ಸರಿಯಿರುವ ಕಿವಿಯೊಳಗೆ ಸದ್ದು ತುಂಬುವ ಪುಟ್ಟ ಯಂತ್ರವೊಂದನ್ನು ಮಾಡಿದರು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಬಿಗಿದ ಮೊಣಕಾಲಿನ ಬಾರಾನಿ ಮನೆಯಲ್ಲೇ ಉಳಿಯಬಹುದಿತ್ತು. ಆದರೆ ಅವರು ಆಸ್ಟ್ರಿಯಾ ಸೇನೆಗೆ ನಾಗರಿಕ ಶಸ್ತ್ರವೈದ್ಯರಾಗಿ ಸೇರಿದರು. ತಲೆಗೆ ಗಾಯವಾದ ಸೈನಿಕರಲ್ಲಿ ಸಮತೋಲನಾಂಗಕ್ಕೂ ಕಿರುಮೆದುಳಿಗೂ ಸ್ನಾಯುಗಳಿಗೂ ಇರುವ ಸಂಬಂಧವನ್ನು ಅರಿಯುವ ಆಸೆಯೂ ಅವರಿಗಿತ್ತು. ಇಂದು ಪೋಲೆಂಡಿನಲ್ಲಿರುವ ಪ್ಶೆಮಿಶಲ್ ಕೋಟೆಗೆ ಅವರನ್ನು ಕಳಿಸಲಾಯಿತು. ಮಿದುಳಿಗೆ ಗುಂಡು ತಗುಲಿದವರಿಗೆ ಶಸ್ತ್ರಚಿಕಿತ್ಸೆ ಮಾಡುವ ಹೊಸ ಕ್ರಮವೊಂದನ್ನು ಅವರು ಅಲ್ಲಿ ರೂಢಿಸಿಕೊಂಡರು. ತಿಂಗಳುಗಟ್ಟಲೆ ಮುತ್ತಿಗೆಯಲ್ಲಿ ಹಸಿದು ಸೊರಗಿದ ಕೋಟೆ 1915ರ ಮಾರ್ಚ್ 22ರಂದು ರಷ್ಯನ್ನರಿಗೆ ಶರಣಾಯಿತು. ಸೆರೆಸಿಕ್ಕ ಲಕ್ಷಕ್ಕೂ ಮಿಕ್ಕಿದ ಜನರಲ್ಲಿ ಬಾರಾನಿಯೂ ಒಬ್ಬರು.

ಅವರನ್ನು ಸಾಗಿಸಿದ್ದು ಇಂದಿನ ತುರ್ಕಮೆನಿಸ್ತಾನದಲ್ಲಿರುವ ಮರ್ವ್ ಎಂಬ ಮರುಭೂಮಿಯ ಊರಿಗೆ. ಒಂದು ಕಾಲದಲ್ಲಿ ರೇಷ್ಮೆ ದಾರಿಯ ಮಹಾನಗರ, ಆಗ ಮಲೇರಿಯಾದ ತವರು. ಬಾರಾನಿಗೂ ಜ್ವರ ಬಂತು. ಆದರೆ ಅಲ್ಲಿ ಕಿವಿವೈದ್ಯರ ಅಗತ್ಯ ಎಲ್ಲರಿಗೂ ಇತ್ತು. ಕೈದಿಗಳ ಜತೆಗೆ ಊರಿನವರಿಗೂ ರಷ್ಯನ್ನರಿಗೂ ಅವರು ಚಿಕಿತ್ಸೆ ನೀಡಿದರು. ಊರಿನ ಆಡಳಿತಾಧಿಕಾರಿಯ ಮನೆಗೆ ಊಟಕ್ಕೆ ಆಹ್ವಾನ ಪಡೆಯುವಷ್ಟು ವಿಶ್ವಾಸ ಗಳಿಸಿದರು. ಯುದ್ಧದ ಕಾರಣ ತಡೆಹಿಡಿದಿದ್ದ 1914ರ ವೈದ್ಯಕೀಯ ನೊಬೆಲ್ ಬಹುಮಾನವನ್ನು 1915ರಲ್ಲಿ ಘೋಷಿಸಲಾಯಿತು. ಸಮತೋಲನಾಂಗದ ಕ್ರಿಯೆ ಮತ್ತು ರೋಗಗಳ ಕುರಿತ ಕೆಲಸಕ್ಕಾಗಿ ಅದು ಬಾರಾನಿಗೆ ಸಂದಿತು. ಆಮೇಲೆ 1918ರವರೆಗೆ ಆ ವಿಭಾಗದಲ್ಲಿ ಯಾರಿಗೂ ಬಹುಮಾನ ಕೊಡಲಿಲ್ಲ. ಸ್ವೀಡನ್ನಿನ ರಾಜಕುಮಾರ ಕಾರ್ಲ್, ರೆಡ್ ಕ್ರಾಸ್ ಪರವಾಗಿ ರಷ್ಯಾದ ಮೇಲೆ ಒತ್ತಡ ತಂದರು. 1916ರಲ್ಲಿ ಬಿಡುಗಡೆಯಾದ ಬಾರಾನಿ ಸ್ಟಾಕ್‌ಹೋಮ್‌ಗೆ ಹೋಗಿ ಬಹುಮಾನ ಸ್ವೀಕರಿಸಿ, ಸೆಪ್ಟೆಂಬರ್‌ನಲ್ಲಿ ನೊಬೆಲ್ ಉಪನ್ಯಾಸ ನೀಡಿದರು.

ಅದೇ ವರ್ಷ ಅವರು ವಿಯೆನ್ನಾಕ್ಕೆ ಮರಳಿದರು. ಸಹೋದ್ಯೋಗಿಗಳು ಬರಮಾಡಿಕೊಂಡ ರೀತಿ ಅವರ ಮನಸ್ಸನ್ನು ಮುರಿಯಿತು. ತನಗಿಂತ ಹಿಂದೆ ದುಡಿದವರ ಋಣವನ್ನು ಬಾರಾನಿ ತನ್ನ ಬರಹಗಳಲ್ಲಿ ಪೂರ್ತಿಯಾಗಿ ಹೇಳಿಲ್ಲ, ಬೇರೆಯವರ ಸಿದ್ಧಾಂತಗಳ ಮೇಲೆ ನಿಂತು ಕೀರ್ತಿ ಪಡೆದಿದ್ದಾರೆ ಎಂಬುದು ಅವರ ಆಕ್ಷೇಪ. ಬಾರಾನಿಯ ಪರವಾಗಿ ಮಾತನಾಡಲು ಮುಂದೆ ಬಂದವರು ಸ್ವೀಡನ್ನಿನ ವೈದ್ಯರು.

ಈ ಆಕ್ಷೇಪವನ್ನು ಬರಿಯ ಅಸೂಯೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಫ್ಲೂರೆನ್ಸ್, ಮೆನಿಯೇರ್, ಮಾಖ್, ಬ್ರಾಯರ್ ಇಲ್ಲದಿದ್ದರೆ ರೋಗಿಯ ಕಣ್ಣು ತಿರುಗಿದ್ದರ ಅರ್ಥ ಬಾರಾನಿಗೆ ಹೊಳೆಯುತ್ತಿರಲಿಲ್ಲ. ವಿಜ್ಞಾನದಲ್ಲಿ ಯಾರೂ ಬರಿನೆಲದ ಮೇಲೆ ಮನೆ ಕಟ್ಟುವುದಿಲ್ಲ. ಹಿಂದಿನವರ ಹೆಸರು ಹೇಳುವುದು ಸೌಜನ್ಯವಷ್ಟೇ ಅಲ್ಲ, ಲೆಕ್ಕದ ಶುದ್ಧಿ. ಬಹುಮಾನವೊಂದು ಒಬ್ಬರ ಕೊರಳಿಗೆ ಹಾರ ಹಾಕುವಾಗ ಹತ್ತು ಜನರನ್ನು ಹಿಂದಕ್ಕೆ ಸರಿಸುವುದೂ ನಿಜ. ಆದರೆ ಇನ್ನೊಂದು ಮಾತೂ ಅಷ್ಟೇ ನಿಜ. ಬ್ರಾಯರ್ ಅವರ ಸಿದ್ಧಾಂತ ಪ್ರಕಟವಾಗಿ ಮೂವತ್ತು ವರ್ಷ ಕಳೆದಿತ್ತು. ಕಿವಿ ತೊಳೆಯುವಾಗ ತಲೆ ಸುತ್ತಿದ ರೋಗಿಗಳು ಯೂರೋಪಿನ ಎಲ್ಲ ಆಸ್ಪತ್ರೆಗಳಲ್ಲೂ ಇದ್ದರು. ಸಿದ್ಧಾಂತವನ್ನೂ ರೋಗಿಯನ್ನೂ ಒಂದೇ ಕೋಣೆಯಲ್ಲಿ ಭೇಟಿ ಮಾಡಿಸಿದವರು ಬಾರಾನಿ. ಅವರ ಹೆಗ್ಗಳಿಕೆ ಅದಕ್ಕಿಂತ ಹೆಚ್ಚಿನದಲ್ಲ, ಕಡಿಮೆಯದೂ ಅಲ್ಲ.

1917ರಲ್ಲಿ ಅವರು ಸ್ವೀಡನ್ನಿನ ಉಪ್ಸಾಲಾಕ್ಕೆ ಹೊರಟರು. ಅಲ್ಲಿನ ಕಿವಿ ಚಿಕಿತ್ಸಾ ವಿಭಾಗವನ್ನು ನಡೆಸುತ್ತ ಉಳಿದ ಬದುಕನ್ನು ಕಳೆದರು. ಇಬ್ಬರು ಗಂಡುಮಕ್ಕಳೂ ಸ್ವೀಡನ್ನಿನಲ್ಲಿ ವೈದ್ಯವಿಜ್ಞಾನದ ಪ್ರಾಧ್ಯಾಪಕರಾದರು. 1921ರಲ್ಲಿ ಬಾರಾನಿ ಮತ್ತೊಬ್ಬ ರೋಗಿಯ ಮಾತಿಗೆ ಗಮನ ಕೊಟ್ಟರು. ತಲೆಯನ್ನು ಒಂದು ನಿರ್ದಿಷ್ಟ ಭಂಗಿಗೆ ತಂದಾಗ ಮಾತ್ರ ಆ ಯುವತಿಗೆ ತಲೆ ತಿರುಗುತ್ತಿತ್ತು. ತೊಂದರೆ ಹರಳುಗಳಿರುವ ಚೀಲದಲ್ಲಿರಬೇಕೆಂದು ಅವರು ಊಹಿಸಿದರು. ಚೀಲದಿಂದ ಕಳಚಿದ ಹರಳುಗಳು ದಾರಿ ತಪ್ಪಿ ಅರ್ಧವೃತ್ತ ನಾಳ ಸೇರುವುದೇ ಇದಕ್ಕೆ ಕಾರಣವೆಂದು ಮುಂದಿನ ತಲೆಮಾರಿನವರು ತೋರಿಸಿದರು. ಮಗ್ಗುಲಾದರೆ ಕೋಣೆ ತಿರುಗುವ ಕಾಯಿಲೆ ಬಹಳಷ್ಟು ಮಂದಿಯಲ್ಲಿ ಇದೇ. ತಜ್ಞರು ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳುಗಳನ್ನು ಸ್ವಸ್ಥಾನಕ್ಕೆ ಕಳಿಸಿದರೆ ಎಷ್ಟೋ ಸಲ ಕೆಲವೇ ನಿಮಿಷಗಳಲ್ಲಿ ಗುಣವಾಗುತ್ತದೆ. 1936ರ ಏಪ್ರಿಲ್ 8ರಂದು, ಅರವತ್ತು ತುಂಬಲು ಎರಡು ವಾರವಿರುವಾಗ, ಬಾರಾನಿ ಉಪ್ಸಾಲಾದಲ್ಲಿ ತೀರಿಕೊಂಡರು. ಹುಟ್ಟುಹಬ್ಬಕ್ಕೆಂದು ಸಿದ್ಧವಾಗುತ್ತಿದ್ದ ಅಭಿನಂದನಾ ಸಭೆಯನ್ನು ನೋಡಲು ಅವರಿರಲಿಲ್ಲ.

ಸತ್ತ ಮೇಲೂ ಅವರ ಸಿದ್ಧಾಂತ ಒಂದು ಪರೀಕ್ಷೆಗೆ ಒಳಗಾಯಿತು. ಬಿಸಿ ದ್ರವ ಮೇಲೇರುವುದು ಗುರುತ್ವವಿದ್ದರೆ ಮಾತ್ರ. ಹಾಗಾದರೆ ತೂಕವಿಲ್ಲದ ಬಾಹ್ಯಾಕಾಶದಲ್ಲಿ ಈ ಪರೀಕ್ಷೆ ವಿಫಲವಾಗಬೇಕು. 1983ರ ಕೊನೆಯಲ್ಲಿ ಸ್ಪೇಸ್‌ಲ್ಯಾಬ್-1 ಯಾನದಲ್ಲಿ ಯಾನಿಗಳ ಕಿವಿಯನ್ನು ಬಿಸಿ ಮತ್ತು ತಂಪು ಗಾಳಿಯಿಂದ ಪರೀಕ್ಷಿಸಿದಾಗ ಕಣ್ಣು ಅಲ್ಲಿಯೂ ಚಲಿಸಿತು. ಹಂಡೆಯ ಹೋಲಿಕೆ ಸುಳ್ಳಾಗಲಿಲ್ಲ, ಆದರೆ ಅದೊಂದೇ ಕಾರಣವಲ್ಲ ಎಂದಾಯಿತು. ಉಷ್ಣತೆಯಿಂದ ದ್ರವ ಹಿಗ್ಗುವುದು, ನರದ ಮೇಲೆ ನೇರ ಪರಿಣಾಮವಾಗುವುದು ಮೊದಲಾದ ಕಾರಣಗಳನ್ನು ವಿಜ್ಞಾನಿಗಳು ಅನಂತರ ಚರ್ಚಿಸಿದ್ದಾರೆ. ವಿವರಣೆ ತಿದ್ದುಪಡಿಯಾಯಿತು, ಪರೀಕ್ಷೆ ಉಳಿಯಿತು. 1942ರಲ್ಲಿ ಬ್ರಿಟನ್ನಿನ ಫಿಟ್ಜೆರಾಲ್ಡ್ ಮತ್ತು ಹಾಲ್‌ಪೈಕ್ ನಿಗದಿ ಮಾಡಿದ ಕ್ರಮದಂತೆ, ದೇಹದ ಉಷ್ಣತೆಗಿಂತ ಏಳು ಡಿಗ್ರಿ ಕೆಳಗೆ ಮತ್ತು ಏಳು ಡಿಗ್ರಿ ಮೇಲೆ, ಅಂದರೆ 30 ಮತ್ತು 44 ಡಿಗ್ರಿ ಸೆಲ್ಸಿಯಸ್ ನೀರಿನಿಂದ, ಅದು ಇಂದಿಗೂ ನಡೆಯುತ್ತದೆ.

ಈ ಪರೀಕ್ಷೆಯ ಇನ್ನೊಂದು ಉಪಯೋಗವನ್ನು ಬಾರಾನಿ ಊಹಿಸಿರಲಾರರು. ನಮ್ಮ ಆಸ್ಪತ್ರೆಗಳಲ್ಲಿ ಅಂಗದಾನಕ್ಕೆ ಮೊದಲು ಮಿದುಳುಕಾಂಡ ಸತ್ತಿದೆಯೆಂದು ದೃಢಪಡಿಸಲು ವೈದ್ಯರು ಮಾಡಬೇಕಾದ ಪರೀಕ್ಷೆಗಳಲ್ಲಿ ಕಿವಿಗೆ ತಣ್ಣೀರು ಹಾಯಿಸಿ ಕಣ್ಣು ಕದಲುತ್ತದೆಯೇ ಎಂದು ನೋಡುವುದೂ ಒಂದು. ಇತರ ಎಲ್ಲ ಪರೀಕ್ಷೆಗಳ ಜತೆಗೆ ಇಲ್ಲೂ ಕಣ್ಣು ನಿಶ್ಚಲವಾಗಿದ್ದರೆ ಮಾತ್ರ ಮುಂದಿನ ಹೆಜ್ಜೆ. ದುಃಖದಲ್ಲಿರುವ ಒಂದು ಕುಟುಂಬಕ್ಕೆ ಅತಿ ಕಠಿಣವಾದ ಸತ್ಯವನ್ನು ಹೇಳುವ ಮೊದಲು ವೈದ್ಯರು ಆಶ್ರಯಿಸುವ ಸಾಕ್ಷ್ಯಗಳಲ್ಲಿ, ವಿಯೆನ್ನಾದ ಒಬ್ಬ ಹೆಸರಿಲ್ಲದ ರೋಗಿಯ ಗೊಣಗಾಟದಿಂದ ಹುಟ್ಟಿದ ಪರೀಕ್ಷೆಯೂ ಸೇರಿದೆ.

ಆ ರೋಗಿಯ ಹೆಸರು ಯಾವ ಬಹುಮಾನದ ಪತ್ರದಲ್ಲೂ ಇಲ್ಲ. ಋಣದ ಲೆಕ್ಕವನ್ನು ಪೂರ್ತಿ ಬರೆಯುವುದಾದರೆ ಬ್ರಾಯರ್, ಮಾಖ್ ಅವರ ಜತೆಗೆ ಆತನನ್ನೂ ಸೇರಿಸಬೇಕಾಗುತ್ತದೆ. ಇಂದು ಕಣ್ಣಿನ ಚಲನೆಯನ್ನು ಕ್ಯಾಮೆರಾ ಅಳೆಯುತ್ತದೆ, ಕಂಪ್ಯೂಟರ್ ನಕ್ಷೆ ಬಿಡಿಸುತ್ತದೆ. ಅವೆಲ್ಲ ಬೇಕಾದುವೇ. ಆದರೆ ಯಾವಾಗ ತಲೆ ಸುತ್ತುತ್ತದೆ, ಯಾವ ಮಗ್ಗುಲಿಗೆ, ಎಷ್ಟು ಹೊತ್ತು ಎಂದು ರೋಗಿಯನ್ನು ಕೇಳಿ, ಉತ್ತರ ಮುಗಿಯುವವರೆಗೆ ಕಾಯುವ ವೈದ್ಯರಿಲ್ಲದಿದ್ದರೆ ಆ ಯಂತ್ರಗಳು ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕೆಂಬುದೇ ತಿಳಿಯುವುದಿಲ್ಲ. ಹೊರರೋಗಿ ವಿಭಾಗಗಳಲ್ಲಿ ಒಬ್ಬೊಬ್ಬರಿಗೆ ಕೆಲವೇ ನಿಮಿಷ ಸಿಗುವ ನಮ್ಮ ಕಾಲದಲ್ಲಿ, ಬಾರಾನಿ ಕಿವಿಯ ಬಗ್ಗೆ ಬರೆದದ್ದಕ್ಕಿಂತ ಅವರು ತಮ್ಮ ಕಿವಿಯನ್ನು ಬಳಸಿದ ಬಗೆ ಹೆಚ್ಚು ನೆನಪಿಡತಕ್ಕದ್ದು.